ನೋಟೀಸಿಗೆ ಹೇಳಿದ ಅರ್ಥ

ಮುನಿಸಿಪಾಲಿಟಿಯ ಕೂಲಿ ಮುರುಗೇಶ ಹಾರೆಯನ್ನು ಜಗಲಿಯ ಅಂಚಿಗೆ ಒರಗಿಸಿ, ಅದನ್ನು ಕೆಡವುವ ಅಪ್ಪಣೆಗೆ ಕಾದು ನಿಂತ. ಜಗಲಿಯ ಮೇಲೆ ದಾಕ್ಷಾಯಣಮ್ಮ ಬಿಲ್ವಪತ್ರೆಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕೂತೇ ಇದ್ದರು. ಗಂಡ ಹೋದಮೇಲೆ ಚಾಮರಾಜಪೇಟೆಯ ಈ ಜಗಲಿಯಲ್ಲಿ ಪತ್ರೆ, ವಿಭೂತಿ ಮಾರಿಯೇ ಅವರ ಒಲೆ ಉರಿಯುತ್ತಿತ್ತು.

ಬೀದಿ ಅಳೆಯಲು ಬಂದಿದ್ದ ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ, ಎದುರುಮನೆಯ ರಾಮಾನುಜ ಮೇಷ್ಟ್ರ ಕೈಗೆ ಇಂಗ್ಲಿಷ್ ನೋಟೀಸು ಕೊಟ್ಟು ದನಿ ತಗ್ಗಿಸಿದರು. "ಎನ್‌ಕ್ರೋಚ್‌ಮೆಂಟ್ ಅಂತ ಬರೆದಿದ್ದಾರೆ. ಮೋರಿ ಕಟ್ಟೋಕೆ ಮುಂಚಿನಿಂದ ಜಗಲಿ ಇಷ್ಟೇ ಇತ್ತು ಅಂತ ಆಯಮ್ಮ ಒಂದು ಮಾತು ಅಂದ್ರೆ ಸಾಕು, ಬರ್ಕೊಂಡು ಹೋಗ್ಬಿಡ್ತೀನಿ. ನೀವೇ ಸ್ವಲ್ಪ ತಿಳಿಸಿ ಹೇಳಿ."

ಮೇಷ್ಟ್ರು ಅದನ್ನು ಹೇಳಲೆಂದೇ ಹೋದರು. ಆದರೆ ಶನಿವಾರದ ಕಾವ್ಯವಾಚನಕ್ಕೆ ಅರ್ಥ ಹೇಳುವವರು ಅವರು. ಕಂಬಕ್ಕೊರಗಿ ಕೇಳುವವರು ದಾಕ್ಷಾಯಣಮ್ಮ. "ನೋಟೀಸಲ್ಲಿರೋದು ಅದೇನು ಪದ ಮೇಷ್ಟ್ರೇ?" ಎಂದು ಆಕೆ ಕೈಮುಗಿದು ಕೇಳಿದ್ದೇ ತಡ, ನಾಲಿಗೆ ತನ್ನ ರೂಢಿಯ ದಾರಿ ಹಿಡಿಯಿತು.

"ಒತ್ತುವರಿ ಅಂತ ಅರ್ಥ, ತಾಯಿ. ಮೂಲದಲ್ಲಿ ಅದು ಫ್ರೆಂಚರ ಹಳೇ ಮಾತು. ಕ್ರೋಕ್ ಅಂದ್ರೆ ಕೊಕ್ಕೆ. ಗಳಕ್ಕೆ ಕೊಕ್ಕೆ ಕಟ್ಟಿ ಪಕ್ಕದ ಮನೆ ಮರದ ಕೊಂಬೆ ಬಗ್ಗಿಸ್ಕೋತಾರಲ್ಲ, ಹಾಗೆ. ಒಂದೇ ಸಲ ಕಿತ್ಕೊಳ್ಳೋದಲ್ಲ. ಯಾರಿಗೂ ಕಾಣದ ಹಾಗೆ, ಚೂರು ಚೂರೇ ತನ್ನ ಕಡೆಗೆ..."

ದಾಕ್ಷಾಯಣಮ್ಮ ತಲೆದೂಗಿದರು. ಅರ್ಥ ಮನಸ್ಸಿಗೆ ನಾಟಿದಾಗ ಕೇಳುವವರು ತಮ್ಮದೊಂದು ನಿದರ್ಶನ ಸೇರಿಸುವುದು ಆ ವಾಚನದ ಪದ್ಧತಿ.

"ಹೌದು ಸ್ವಾಮಿ. ನಮ್ ಯಜಮಾನ್ರು ಯುಗಾದಿ ಯುಗಾದಿಗೂ ಗಾರೆ ಮೆತ್ತೋವಾಗ ಬೀದಿ ಕಡೆಗೆ ಒಂದು ಬೆರಳು ಮುಂದೆ ಹಾಕೋರು. ಹಾಗೇ ತಾನೆ?"

ಮೇಷ್ಟ್ರು ತಟ್ಟನೆ ತಡೆದರು. "ಅದಲ್ಲ ತಾಯಿ, ಮೋರಿಗಿಂತ ಮುಂಚೇನೇ..."

"ಎಲ್ಲಿ ಮುಂಚೆ? ಮೋರಿ ಕಲ್ಲೇ ಇದರಡಿ ಸೇರ್ಕೊಂಡಿದೆ."

ಚಂದ್ರಶೇಖರಯ್ಯ ಮುಖ ಆಚೆ ತಿರುಗಿಸಿದರು. "ನನ್ನ ಕಿವಿಗೂ ಬಿತ್ತಲ್ಲ ಮೇಷ್ಟ್ರೇ. ಈಗ ಏನಂತ ಬರೀಲಿ?" ಮುರುಗೇಶ ಹಾರೆಗೆ ಕೈ ಹಾಕಿದ.

ಆಗ ದಾಕ್ಷಾಯಣಮ್ಮನಿಗೆ, ತಮ್ಮ ಮಾತಿನಿಂದಲೇ ಜಗಲಿ ಹೋಗುತ್ತದೆಂದು ಹೊಳೆಯಿತು. ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು: "ಗಾಬರೀಲಿ ಏನೋ ಅಂದ್ಬಿಟ್ಟೆ ಅನ್ನಿ. ಅಷ್ಟೇ ಅನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ."

ಆಕೆ ಬುಟ್ಟಿಯನ್ನು ಸೊಂಟಕ್ಕೇರಿಸಿ ಬೀದಿಗೆ ಇಳಿದರು.

"ಅರ್ಥ ಹೇಳೋಕೆ ಮುಂಚೆ ಕೇಳಿದ್ರೆ ಅಂದಿರ್ತಿದ್ದೆ ಮೇಷ್ಟ್ರೇ. ಈಗ ಬಾಯಿಗೆ ಬರಲ್ಲ."