ಮಳೆಯಲ್ಲಿಟ್ಟ ಹುಲ್ಲು

“ಇಲ್ಲಿದ್ದ ಹುಲ್ಲಿನ ಕಟ್ಟು ತೆಗೆದವರು ಯಾರು?” ಕಟ್ಟಡದ ಕೆಲಸ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಇಂಗ್ಲಿಷಿನಲ್ಲಿ ಕೇಳಿದ. ಎಂಬತ್ತಾರರ ನವೆಂಬರ್ ಮಳೆಗೆ, ಪರದೇಶದ ಲಿವರ್‌ಮೋರಿನ ಗುಡ್ಡದಲ್ಲಿ ಮನೆ ಕಟ್ಟಲು ಅಗೆದ ಮಣ್ಣು ಕಟ್ಟು ತೆಗೆದ ಸಂದಿಯಿಂದ ಜಾರಿ ಕೆಳಗಿನ ತೊರೆಯನ್ನು ರಾಡಿ ಮಾಡುತ್ತಿತ್ತು. ಸೈಟ್ ಇಂಜಿನಿಯರ್ ಊರ್ಮಿಳಾ ಸುತ್ತ ನೋಡಿದಳು. ಮಣ್ಣು ತಡೆಯಲೆಂದು ಅವಳೇ ಇಳಿಜಾರಿಗೆ ಅಡ್ಡಲಾಗಿ ಇಡಿಸಿದ್ದ ಕಟ್ಟುಗಳಲ್ಲಿ ಎರಡು ಶೆಡ್ಡಿನೊಳಗೆ ಬೆಚ್ಚಗೆ ಕೂತಿದ್ದವು.

ಬೆಳಿಗ್ಗೆ ಅವಳ ಕಾರಿನಲ್ಲೇ ಬಂದಿದ್ದ ಅತ್ತೆ ಭದ್ರಮ್ಮ ಸೀರೆಗಂಟಿದ ಹುಲ್ಲೆಸಳು ಬಿಡಿಸುತ್ತಿದ್ದರು. “ನೆಂದ್ರೆ ಮುಗ್ಗೋಯ್ತದೆ ಕಣವ್ವ. ಆಮೇಲೆ ಯಾವ ದನಾನೂ ಮೂಸಾಕಿಲ್ಲ. ಎಲ್ಡು ಒಳೀಕೆ ಎಳೆದೆ, ಮಿಕ್ಕಿದ್ದು ಕೈಲಾಗ್ನಿಲ್ಲ,” ಎಂದರು, ಮಂಡ್ಯದ ಹಿತ್ತಲಲ್ಲಿ ನಿಂತವರಂತೆ.

ಇನ್‌ಸ್ಪೆಕ್ಟರ್ ಕೆಲಸ ನಿಲ್ಲಿಸುವ ಕೆಂಪು ಚೀಟಿಯನ್ನು ಜೇಬಿನಿಂದ ತೆಗೆದಿದ್ದ. ಊರ್ಮಿಳಾ ಎದೆಯ ಮೇಲೆ ಕೈಯಿಟ್ಟು, “ನಾನೇ,” ಎಂದಳು ಅವನ ಭಾಷೆಯಲ್ಲಿ.

ಭದ್ರಮ್ಮನಿಗೆ ಮಾತು ತಿಳಿಯಲಿಲ್ಲ, ಆ ಕೈ ತಿಳಿಯಿತು. ಸಂದಿಯಲ್ಲಿ ಹರಿಯುವ ಕೆಸರನ್ನೂ ಸೊಸೆಯ ಮುಖವನ್ನೂ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶೆಡ್ಡಿನಿಂದ ಒಂದು ಕಟ್ಟನ್ನು ಮಳೆಗೆ ಎಳೆದು ತಂದರು.

“ಆ ಕಡೆ ಹಿಡ್ಕೊ ಬಾರವ್ವ. ನೆನೀಲಿ ಬುಡು.”