ಟೆಂಟಿನಲ್ಲಿ ಮೂರನೆಯ ರಾತ್ರಿ

ಗಂಡ ಬೆನ್ನು ತಿರುಗಿಸಿ ನಿಂತು ಹಾಲಿಗೆ ಏನನ್ನೋ ಬೆರೆಸುತ್ತಿದ್ದ.

ಟೆಂಟಿನ ಬಾಗಿಲ ಸಂದಿಯಿಂದ ಅವಳು ನೋಡಿದಳು. ಅಂಗಿಯ ಜೇಬಿನಿಂದ ಪುಟ್ಟ ಪೊಟ್ಟಣವೊಂದು ಹೊರಬಂತು. ಬಿಳಿ ಪುಡಿ. ಎರಡು ಸ್ಟೀಲ್ ಲೋಟಗಳಲ್ಲಿ ಒಂದಕ್ಕೆ ಮಾತ್ರ ಬಿತ್ತು. ಚಮಚ ಸದ್ದಾಗದ ಹಾಗೆ ತಿರುಗಿತು. ಪೊಟ್ಟಣ ಮತ್ತೆ ಜೇಬು ಸೇರಿತು.

ಹಾಗಾದರೆ ತನ್ನ ಅನುಮಾನ ಸುಳ್ಳಲ್ಲ.

ಕಾಡಂಚಿನ ಆ ಬಯಲಿಗೆ ಬಂದು ಅದು ಮೂರನೆಯ ಸಂಜೆ. ಎರಡು ಬೆಳಿಗ್ಗೆಯೂ ಅವಳು ಎದ್ದದ್ದು ಸಿಡಿಯುವ ತಲೆಯೊಂದಿಗೆ. ಹೊಟ್ಟೆ ತೊಳಸುತ್ತಿತ್ತು, ಕಾಲು ನಡುಗುತ್ತಿತ್ತು. ಆ ದಿನ ಬೆಳಿಗ್ಗೆಯಂತೂ ತೆವಳಿಕೊಂಡೇ ಟೆಂಟಿನಿಂದ ಆಚೆ ಬಂದು ವಾಂತಿ ಮಾಡಿಕೊಂಡಿದ್ದಳು. ಹೊಳೆಯ ದಂಡೆಯಲ್ಲಿ ಒಂದಷ್ಟು ಹೊತ್ತು ಕೂತರೆ, ಬಿಸಿಲೇರುವ ವೇಳೆಗೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತಿತ್ತು. ಗಂಡನಿಗೆ ಮಾತ್ರ ಒಂದು ಸೀನೂ ಇಲ್ಲ. ಇಬ್ಬರೂ ಉಂಡದ್ದು ಒಂದೇ ಪಾತ್ರೆಯ ಊಟ. ಬೆನ್ನುನೋವಿನ ಮನುಷ್ಯ, ನೆಲದ ಮೇಲೆ ಮಲಗಲಾರೆನೆಂದು ಕಾರಿನ ಸೀಟು ಒರಗಿಸಿಕೊಂಡು ಮಲಗಿ, ಬೆಳಿಗ್ಗೆ ಸಿಳ್ಳೆ ಹಾಕುತ್ತಾ ಏಳುತ್ತಿದ್ದ.

ಅವನದು ಔಷಧಿ ಅಂಗಡಿ. ಯಾವ ಪುಡಿ ಎಷ್ಟು ಬಿದ್ದರೆ ಏನಾಗುತ್ತದೆಂಬುದು ಬೆರಳ ತುದಿಯಲ್ಲಿತ್ತು. ಅವಳದು ಹೊಲಿಗೆ. ಎರಡು ವರ್ಷದಿಂದ ಅವರ ಮನೆಯಲ್ಲಿ ಬಾಯಿಬಿಡುತ್ತಿದ್ದದ್ದು ಅವಳ ಮಷೀನು ಒಂದೇ. ಜಗಳದ ನಡುವೆ ಒಮ್ಮೆ ಅವನು, "ನೀನು ತೊಲಗಿದ್ರೆ ಸಾಕು, ನೆಮ್ಮದಿಯಾಗಿರ್ತೀನಿ" ಅಂದುಬಿಟ್ಟಿದ್ದ. ಅಂದವನು ಮರೆತ. ಕೇಳಿಸಿಕೊಂಡವಳು ಮರೆಯಲಿಲ್ಲ. ಅಂಥವನು ಹಿಂದಿನ ವಾರ ಇದ್ದಕ್ಕಿದ್ದಂತೆ ಟೆಂಟು, ಇದ್ದಿಲಿನ ಚೀಲ ಎಲ್ಲ ತಂದು ಹಾಕಿ, "ನಾಲ್ಕು ದಿನ ಎಲ್ಲಾದ್ರೂ ಇದ್ದು ಬರೋಣ್ವಾ? ಮೊದಲಿನ ಹಾಗೆ?" ಎಂದಿದ್ದ. ಆಗ ಅವಳ ಎದೆ ಅರಳಿದ್ದು ನಿಜ. ಈಗ ಅದನ್ನು ನೆನೆದು ತನ್ನ ಮೇಲೆಯೇ ನಾಚಿಕೆಯಾಯಿತು.

"ತಗೋ, ಬಿಸಿ ಇರುವಾಗ್ಲೇ ಕುಡಿ," ಎಂದು ಅವನು ಲೋಟ ತಂದುಕೊಟ್ಟ. "ಇವತ್ತು ಪೂರ್ತಿ ಮುಗಿಸ್ಬೇಕು. ನಿನ್ನೆ ಅರ್ಧ ಬಿಟ್ಟಿದ್ದೆ."

"ಮುಗಿಸ್ತೀನಿ. ರೀ, ಟಾರ್ಚು ಕಾರಲ್ಲೇ ಉಳಿದಿದೆ."

ಅವನು ಅತ್ತ ಹೋದ. ಇತ್ತ ಲೋಟಗಳು ಅದಲುಬದಲಾದವು.

ವಾಪಸ್ಸು ಬಂದವನು ಗಟಗಟನೆ ಕುಡಿದು ಬಾಯಿ ಚಪ್ಪರಿಸಿದ. "ಸಕ್ಕರೆ ಜಾಸ್ತಿ ಆಗೋಯ್ತು ಅಲ್ವಾ?"

"ನನಗೆ ಸರಿಯಾಗೇ ಇದೆ." ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. "ಇವತ್ತು ನಾನು ಕಾರಲ್ಲಿ ಮಲಗ್ತೀನಿ ರೀ."

"ನನ್ನ ಬೆನ್ನಿನ ಗತಿ?"

"ಒಂದು ರಾತ್ರಿ ತಾನೆ."

"ಆಯ್ತು ಮಹಾರಾಯ್ತಿ. ಆ ಸೀಟಿನ ಸುಖ ನಿನಗೂ ಒಂದಿನ ಗೊತ್ತಾಗ್ಲಿ!"

ಮಳೆ ಹನಿಯತೊಡಗಿತು. ಅಡುಗೆಯಾದ ಮೇಲೆ ಉಳಿದ ಕೆಂಡವನ್ನು ತಗಡಿನ ಬಕೆಟ್ಟಿಗೆ ತುಂಬಿ, ಬೆಚ್ಚಗಿರಲೆಂದು ಅವಳ ಹಾಸಿಗೆಯ ಪಕ್ಕ ಇಟ್ಟುಹೋಗುವುದು ಅವನ ರೂಢಿ. ಆ ರಾತ್ರಿ ಅದನ್ನು ತನಗೇ ಇಟ್ಟುಕೊಂಡ. ಅವಳಾದರೆ ಉಸಿರು ಕಟ್ಟಿದಂತಾಗುತ್ತದೆಂದು ಬಾಗಿಲನ್ನು ಒಂದು ಗೇಣು ತೆರೆದೇ ಬಿಡುತ್ತಿದ್ದಳು. ಅವನು ಇರಚಲು ಹೊಡೆಯದಂತೆ ಜಿಪ್ಪನ್ನು ಕೊನೆಯವರೆಗೂ ಎಳೆದುಕೊಂಡ.

ಅವಳು ಕಾರಿನ ನಾಲ್ಕೂ ಬಾಗಿಲು ಭದ್ರ ಮಾಡಿಕೊಂಡಳು.

ಬೆಳಿಗ್ಗೆ ಮಳೆ ನಿಂತಿತ್ತು. ಅವಳು ಕೆಳಗಿಳಿದು, ಕಿಟಕಿಯ ಗಾಜಿಗೆ ಹೊರಗಿನಿಂದ ಮೆತ್ತಿದ್ದ ಕೆಸರನ್ನು ಶಾಲಿನ ತುದಿಯಿಂದ ಚೊಕ್ಕವಾಗಿ ಒರೆಸಿದಳು. ಆಮೇಲೆ ಟೆಂಟಿನತ್ತ ಹೋದಳು.

ಅವನು ಮಗ್ಗುಲಾಗಿ ಮಲಗಿದ್ದ. ಕೆನ್ನೆ ಕೆಂಪೇರಿತ್ತು, ಬಿರುಸಾಗಿ ನಡೆದುಬಂದವನ ಹಾಗೆ. ಕೈ ಮಾತ್ರ ಮರಗಟ್ಟಿತ್ತು.

ಮುಂದಿನ ಐದು ದಿನ ಅವಳು ಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಇಳಿಬಿಟ್ಟುಕೊಂಡು ಕೂತಳು. ಗಾಳಿಗೆ ಗಾಜು ಅಲುಗಿದರೂ ಎದ್ದು ನಿಲ್ಲುತ್ತಿದ್ದಳು. ಆರನೆಯ ದಿನ ಠಾಣೆಯಿಂದ ಕರೆ ಬಂತು.

ಹಿಂದಿನ ಕೋಣೆ. ಕಡತಗಳ ಬೀರು, ಕಾಲು ಕುಂಟುವ ಮೇಜು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಎದುರಿಗೆ ಇನ್ಸ್‌ಪೆಕ್ಟರ್, ನಡುವಯಸ್ಸಿನ ಹೆಂಗಸು. ಪುಡಿಯ, ಹಾಲಿನ ವಿಷಯವನ್ನೆಲ್ಲ ಅವಳು ಆಗಲೇ ಹೇಳಿಕೊಂಡಿದ್ದಳು. ಲೋಟ ಬದಲಿಸಿದ್ದನ್ನೂ ಮುಚ್ಚಿಡಲಿಲ್ಲ.

"ಅದು ನನಗಂತ ಇಟ್ಟಿದ್ದ ವಿಷ ಮೇಡಂ."

"ಗ್ಲೂಕೋಸ್ ಅಮ್ಮಾ ಅದು. ಪೊಟ್ಟಣ ಅವರ ಜೇಬಲ್ಲೇ ಇತ್ತು. ಕದ್ದು ಯಾಕೆ ಹಾಕಿದ್ರೋ ಗೊತ್ತಾಗ್ಲಿಲ್ಲ."

ಅವಳಿಗೆ ಗೊತ್ತಾಯಿತು. ವಾಂತಿಯಾದ ದಿನ ಅವನು ಮಾತ್ರೆ ಕೊಡಲು ಬಂದಾಗ, 'ನಿಮ್ಮ ಅಂಗಡಿಯದು ಏನೂ ನನಗೆ ಬೇಡ' ಎಂದು ಕೈ ಝಾಡಿಸಿದವಳು ಅವಳೇ.

"ಹಾಗಾದ್ರೆ ಅವರು ಹೇಗೆ..."

"ಆ ಬಕೆಟ್ಟು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ. ಕೆಂಡ ಆರ್ತಾ ಬಂದ್ರೂ ಬರ್ತಾನೇ ಇರುತ್ತೆ. ನಿಮ್ಮ ತಲೆನೋವು, ವಾಂತಿ ಎಲ್ಲ ಅದರದ್ದೇ. ಬಾಗಿಲು ಚೂರು ತೆರೆದಿದ್ರಿ, ಹೇಗೋ ಉಳ್ಕೊಂಡ್ರಿ. ಅದೂ ಅದೃಷ್ಟ. ಹೆಂಡ್ತಿ ಬೆಚ್ಚಗಿರ್ಲಿ ಅಂತ ಇಡ್ತಿದ್ರು, ಪಾಪ. ಅವರ ತಲೆಗೂ ಹೊಳೆದಿಲ್ಲ."

ಇನ್ಸ್‌ಪೆಕ್ಟರ್ ಕಡತ ಮುಚ್ಚಿದಳು. ನೀರಿನ ಲೋಟವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು. ದನಿ ಮೆತ್ತಗಾಯಿತು.

"ನೀವು ಮಾಡಿದ್ದು ಸರಿ ಅನ್ನಲ್ಲ. ಆದ್ರೆ ಆ ಹಾಲಿನಿಂದ ಯಾರಿಗೂ ಏನೂ ಆಗಿಲ್ಲ. ನಿದ್ದೆಯಲ್ಲೇ ಹೋಗಿದ್ದಾರೆ. ಒಂದು ಸಲ ಎಚ್ಚರ ಆಗಿ ಹೊರಗೆ ಬಂದು, ನಿಮ್ಮ ಜೊತೆ ಕಾರಲ್ಲಿ ಕೂತಿದ್ರೆ ಬದುಕ್ತಿದ್ರೇನೋ. ಬರ್ಲಿಲ್ಲ. ಸಮಾಧಾನ ಮಾಡ್ಕೊಳ್ಳಿ."

ಅವನು ಬಂದಿದ್ದ, "ತಲೆ ಒಡೀತಿದೆ ಕಣೇ, ಬಾಗಿಲು ತೆಗಿ" ಎಂದು ಮಳೆಯಲ್ಲಿ ನಿಂತು ಅಂಗೈಯಿಂದ ಗಾಜು ಬಡಿದಿದ್ದ, ಅವಳು ಕದಲದೆ ಅವನನ್ನೇ ನೋಡುತ್ತಾ ಕೂತಿದ್ದಳು, ಅವನು ತಡವರಿಸುತ್ತಾ ಟೆಂಟಿಗೆ ವಾಪಸ್ಸು ಹೋಗುವವರೆಗೂ.