ಆ ಕಾಲದ್ದಲ್ಲದ ಬಿಲ್ಲೆ

ಇವತ್ತೂ ಹೆಂಡತಿ ವರ್ನಾ ನಿಜವಾಗಿ ಅತ್ತುಬಿಟ್ಟರೆ ತಮ್ಮಿಬ್ಬರ ವೇಷ ಇಲ್ಲಿಗೆ ಮುಗಿದಂತೆಯೇ ಎಂದು ಹಾರ್ಲನ್ ಸ್ಟಾಫರ್‌ಗೆ ಖಾತ್ರಿಯಾಗಿತ್ತು. ಹಳೆಯ ಯುದ್ಧವೊಂದನ್ನು ವೇಷ ಕಟ್ಟಿ ಆಡಿ ತೋರಿಸುವ ಆ ರಣಭೂಮಿಯ ಹೊಸ ಮೇಲ್ವಿಚಾರಕಿ ಮಾರ್ಲಾ ಕೀನ್ ಪ್ರವಾಸಿಗರ ಜೊತೆ ಬೇಲಿಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಕೋಟಿನಲ್ಲಿ ಆ ಕಾಲದ್ದಲ್ಲದ ಒಂದು ಗುಂಡಿ ಕಂಡರೂ ಸ್ವಯಂಸೇವಕರನ್ನು ಮನೆಗೆ ಕಳಿಸುವವಳೆಂದು ಆಗಲೇ ಹೆಸರಾಗಿದ್ದಳು.

"ಅಳಬೇಡ ಅನ್ನಲ್ಲ. ಸ್ವಲ್ಪ ಹದವಾಗಿ ಅಳು," ಎಂದ ಹಾರ್ಲನ್. "ಸತ್ತಿರೋದು ಕಥೆಯ ಮಗ. ನಮ್ಮ ಟ್ರೆಂಟ್ ಗುಂಡುಕಲ್ಲಿನ ಹಾಗಿದಾನೆ."

"ಆಯ್ತು," ಎಂದಳು ವರ್ನಾ, ಅವನ ನೀಲಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ.

"ಸಂಜೆ ಅವನಿಗೊಂದು ಫೋನ್ ಮಾಡ್ಬೇಕು. ನೆನಪು ಮಾಡು."

"ಮಾಡ್ತೀನಿ."

ಹಾರ್ಲನ್‌ಗೆ ಉಳಿದಿದ್ದ ಮರ್ಯಾದೆ ಎಂದರೆ ಈ ಕೋಟೊಂದೇ. ಕಾರಿನ ಕೀಲಿ ವರ್ನಾಳ ಬಳಿ ಇರುತ್ತಿತ್ತು. ಅಡುಗೆಮನೆಯಲ್ಲಿ ಒಲೆ ಮುಟ್ಟಲೂ ಅವಳು ಬಿಡುತ್ತಿರಲಿಲ್ಲ. ವಯಸ್ಸಾದ ಮೇಲೆ ಹೆಂಡತಿಯರು ಹೀಗೇ ಯಜಮಾನಿಕೆ ಮಾಡುತ್ತಾರೆಂದು ಅವನು ಸಹಿಸಿಕೊಂಡಿದ್ದ. ಇಲ್ಲಿ ಮಾತ್ರ ಅವನು ಸಾರ್ಜೆಂಟ್. ಯಾವ ತುಕಡಿ ಯಾವ ಮರದ ತೋಪಿನ ಹಿಂದಿತ್ತು, ಫಿರಂಗಿಗಳನ್ನು ಯಾವ ದಿಬ್ಬಕ್ಕೆ ಎಳೆದರು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಕೇಳಿದವರು ಬೆರಗಾಗುತ್ತಿದ್ದರು.

ಆಟ ಶುರುವಾದಾಗ ಅವನು ಜೋಳದ ಹೊಲದ ಅಂಚಿನಿಂದ ನಡೆದುಬಂದ. ಹಳೆಯ ತೋಟದಮನೆಯ ಜಗಲಿಯಲ್ಲಿ ವರ್ನಾ ಉದ್ದ ಲಂಗ ತೊಟ್ಟು ಬೀನ್ಸ್ ಸೋಸುತ್ತ ಕುಳಿತಿದ್ದಳು. ಅವನು ಟೋಪಿ ತೆಗೆದ.

"ತಾಯಿ, ನಿಮ್ಮ ಮಗ ಇನ್ನಿಲ್ಲ. ನೋವು ಅನುಭವಿಸಲಿಲ್ಲ. ಕೊನೆಗಳಿಗೆಯಲ್ಲಿ ನಾನು ಪಕ್ಕದಲ್ಲೇ ಇದ್ದೆ."

ವರ್ನಾಳ ಮಡಿಲಿನಿಂದ ಬೀನ್ಸ್ ಉರುಳಿತು. ಅವನು ಅವಳ ಭುಜ ಹಿಡಿದು, ಬಟ್ಟೆಯಲ್ಲಿ ಸುತ್ತಿದ್ದ, ಸೈನಿಕನ ಹೆಸರು ಕೊರೆದ ಲೋಹದ ಬಿಲ್ಲೆಯನ್ನು ಅಂಗೈಯಲ್ಲಿಟ್ಟ. ಅಷ್ಟೇ ಸಾಕು, ಅವಳ ಅಳು ಕಟ್ಟೆಯೊಡೆಯಿತು. ಪ್ರವಾಸಿಗರಲ್ಲಿ ಒಬ್ಬಾಕೆ ಮುಖ ತಿರುಗಿಸಿಕೊಂಡಳು. ಹಾರ್ಲನ್‌ಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

"ನೀವು ಅವನನ್ನ ಮರೆಯಲ್ಲ ತಾನೇ?" ಎಂದಳು ವರ್ನಾ. ಈ ಮಾತು ಆಟದಲ್ಲಿ ಇರಲೇ ಇಲ್ಲ. ತಾನೇ ಸೇರಿಸಿಕೊಂಡಿದ್ದಳು.

"ಎಂದಿಗೂ ಮರೆಯಲ್ಲ, ತಾಯಿ," ಎಂದ ಸಾರ್ಜೆಂಟ್. ಜನ ಚಪ್ಪಾಳೆ ತಟ್ಟಿದರು.

ಗುಂಪು ಕರಗಿದ ಮೇಲೆ ಮಾರ್ಲಾ ಜಗಲಿ ಹತ್ತಿ ಬಂದಳು. "ಆ ಬಿಲ್ಲೆ ಏನದು? ಆ ಯುದ್ಧದಲ್ಲಿ ಸರ್ಕಾರ ಸೈನಿಕರಿಗೆ ಬಿಲ್ಲೆ ಕೊಟ್ಟೇ ಇರಲಿಲ್ಲ."

"ಹೆಸರನ್ನ ಚೀಟಿಯಲ್ಲಿ ಬರೆದು ಕೋಟಿಗೆ ಚುಚ್ಚಿಕೊಳ್ತಿದ್ರು," ಎಂದ ಹಾರ್ಲನ್ ತಟ್ಟನೆ. "ನಾನೂ ಬಡ್ಕೊಂಡೆ. ಇವಳು ಕೇಳಲ್ಲ. ಯಾವ ಅಂಗಡಿಯಿಂದ ತಂದಳೋ."

"ಬಿಲ್ಲೆ ತೆಗೀರಿ. ಇಲ್ಲಾಂದ್ರೆ ಈ ದೃಶ್ಯವೇ ಬೇಡ."

ಹಾರ್ಲನ್ ವರ್ನಾಳ ಕಡೆ ತಿರುಗಿದ. ಈ ಶನಿವಾರಗಳ ವೇಷವೂ ಹೋದರೆ ಅವನಿಗೆ ಉಳಿಯುವುದು ಕಿಟಕಿಯ ಪಕ್ಕದ ಕುರ್ಚಿ ಮಾತ್ರ. ಕೊಟ್ಟುಬಿಡು ಎಂದು ಹೆಂಡತಿಗೆ ಕಣ್ಣಲ್ಲೇ ಹೇಳಿದ.

ವರ್ನಾ ವಾದ ಮಾಡಲಿಲ್ಲ. ಬಿಲ್ಲೆಯನ್ನು ಮಾರ್ಲಾಳ ಕೈಗಿಟ್ಟಳು. ಮಾರ್ಲಾ ಅದರ ಮೇಲಿನ ಅಕ್ಷರ ಓದಿದಳು. ಹಾರ್ಲನ್‌ನನ್ನು ನೋಡಿದಳು. ಮತ್ತೊಮ್ಮೆ ಓದಿದಳು.

"ಮನೆಯಲ್ಲಿ ಇವರಿಗೆ ಹೇಳೋದು ಬಿಟ್ಟಿದ್ದೀನಿ, ಮರುದಿನಕ್ಕೆ ನೆನಪಿರಲ್ಲ," ಎಂದಳು ವರ್ನಾ ಮೆಲ್ಲಗೆ. "ಇಲ್ಲಿಯಾದ್ರೆ ಇವರೇ ನನಗೆ ಹೇಳ್ತಾರೆ. ನನ್ನ ಭುಜ ಹಿಡ್ಕೊಂಡು."

ಮಾರ್ಲಾ ಬಿಲ್ಲೆಯನ್ನು ಮೊದಲಿನಂತೆಯೇ ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟಳು. "ಇರಲಿ," ಎಂದಳು. "ಮುಂದಿನ ಶನಿವಾರವೂ ಬನ್ನಿ."

ಹಾರ್ಲನ್‌ಗೆ ಸಮಾಧಾನವೇನೋ ಆಯಿತು, ಆದರೆ ಮಾರ್ಲಾಳ ಬಗ್ಗೆ ಇದ್ದ ಗೌರವ ಅರ್ಧಕ್ಕಿಳಿಯಿತು. ಹೆಂಗಸರ ಕಣ್ಣೀರಿಗೆ ಕರಗಿ ಚರಿತ್ರೆಯನ್ನೇ ತಿದ್ದುವವಳು ಎಂಥ ಮೇಲ್ವಿಚಾರಕಿ?

ಕಾರಿನಲ್ಲಿ ವರ್ನಾ ಅವನ ಬೆಲ್ಟ್ ಬಿಗಿದಳು. ಅವನು ಅವಳ ಮಡಿಲಿನಿಂದ ಬಿಲ್ಲೆ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿದ.

"ಟ್ರೆಂಟ್ ಸ್ಟಾಫರ್... ನೋಡೇ ವರ್ನಾ, ಪಾಪ, ಯಾರ ಮಗನೋ, ನಮ್ಮ ಹುಡುಗನ ಹೆಸರೇ ಇದೆ. ಸಂಜೆ ಫೋನಿನಲ್ಲಿ ಹೇಳೋಣ, ಬಿದ್ದು ಬಿದ್ದು ನಗ್ತಾನೆ."